ಕಾಫಿ ಕಣದಲ್ಲಿ ನಿಂತು ಗ್ಯಾಲಕ್ಸಿ ನೋಡೋದು ಹೇಗೆ

ಕೊಡಗಲ್ಲಿ ಮಳೆಗಾಲದಲ್ಲಿ ಆಕಾಶದ ಆಸೆ ಬಿಟ್ಬಿಡಿ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಹುಣ್ಣಿಮೆಗೆ ಬರುತ್ತಲ್ಲ, ಅದಾಗಿ ಒಂದು ವಾರ ಕಳೀಲಿ, ಆಮೇಲೆ ಡಿಸೆಂಬರಲ್ಲಿ ರಾತ್ರಿ ಎಂಟರ ಹೊತ್ತಿಗೆ ಕಣಕ್ಕೆ ಬನ್ನಿ (ಹರಡಿರೋ ಕಾಫಿ ತುಳೀಬೇಡಿ ಮತ್ತೆ), ಲೈಟೆಲ್ಲ ಆಫ್ ಮಾಡಿ, ಮೊಬೈಲೂ ಜೇಬಿಗೆ, ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋಕೆ 20 ನಿಮಿಷ ಬೇಕು. ಉತ್ತರಕ್ಕೆ ತಿರುಗಿ ಇಂಗ್ಲಿಷಿನ ಎಂ ಆಕಾರದ ಐದು ನಕ್ಷತ್ರ ಹುಡುಕಿ, ಅದರ ಎಡಗಡೆ ಚೂಪು ತುದಿ ತೋರಿಸೋ ಕಡೆ, ಕೈ ಚಾಚಿ ಹಿಡಿದ್ರೆ ಒಂದೂವರೆ ಮುಷ್ಟಿಯಷ್ಟು ಮೇಲೆ ಮಸುಕು ಮಚ್ಚೆ ಕಾಣುತ್ತೆ. ಅದೇ ಆಂಡ್ರೊಮಿಡಾ ಗ್ಯಾಲಕ್ಸಿ, ಕೋಟ್ಯಂತರ ನಕ್ಷತ್ರಗಳ ಗುಂಪು, 25 ಲಕ್ಷ ಜ್ಯೋತಿರ್ವರ್ಷ ದೂರ. ಬೈನಾಕ್ಯುಲರ್ ಇದ್ರೆ ಆರಾಮ.

ಇಂಥವು ಹುಟ್ಟಿದ್ದು ಹೇಗಂದ್ರೆ, ವಿಶ್ವ ಶುರುವಾದ ಬಿಗ್ ಬ್ಯಾಂಗ್ ಆದ್ಮೇಲೆ ಮ್ಯಾಟರ್ ಎಲ್ಲಾ ಕಡೆ ಹೆಚ್ಚುಕಮ್ಮಿ ಸಮವಾಗೇ ಇತ್ತು, ಲಕ್ಷಕ್ಕೊಂದು ಪಾಲಿನಷ್ಟು ಏರುಪೇರು ಅಷ್ಟೇ, ಆ ಚೂರು ದಟ್ಟ ಜಾಗಗಳಿಗೆ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಸೆಳೆತ ಮಾತ್ರ ಗೊತ್ತಾಗೋ ವಸ್ತು) ಸೇರ್ತಾ ಹೋಯ್ತು, ಅದರೊಳಗೆ ಗ್ಯಾಸ್ ಬಿದ್ದು ತಣ್ಣಗಾಗಿ ನಕ್ಷತ್ರಗಳಾದ್ವು. ಮೊದ್ಲು ಚಿಕ್ಕ ಗ್ಯಾಲಕ್ಸಿಗಳು, ಅವು ಕೂಡಿ ದೊಡ್ಡವು, ಎಳೆ ಎಳೆಯಾಗಿ ಹರಡಿರೋ ಮ್ಯಾಟರ್ ಸೇರೋ ಜಾಗದಲ್ಲಿ ಕ್ಲಸ್ಟರ್, ಅಂದ್ರೆ ಗ್ಯಾಲಕ್ಸಿಗಳ ಗುಂಪು. ಜೇಮ್ಸ್ ವೆಬ್ ಟೆಲಿಸ್ಕೋಪ್ ಬಿಗ್ ಬ್ಯಾಂಗ್ ಆಗಿ 30 ಕೋಟಿ ವರ್ಷದೊಳಗಿನ ಗ್ಯಾಲಕ್ಸಿನೂ ಹಿಡಿದಿದೆ, ಅಷ್ಟು ಬೇಗ ಅಷ್ಟು ಹೊಳಪು ಹೇಗೆ ಅಂತ ಇನ್ನೂ ಚರ್ಚೆ ನಡೀತಿದೆ.

ವರ್ಗೊ ಕ್ಲಸ್ಟರ್ ನೋಡ್ಬೇಕಂದ್ರೆ ಏಪ್ರಿಲ್‌ವರೆಗೆ ಕಾಯಿರಿ, ಟೆಲಿಸ್ಕೋಪೂ ಬೇಕು, ಕಾಫಿ ಹೂ ಅರಳಿಸೋ ಹೂ ಮಳೆ ಮೋಡ ಅಡ್ಡ ಬಂದ್ರೆ ಬೈಬೇಡಿ, ತೋಟಕ್ಕೆ ಅದೇ ಬೇಕಿರೋದು.