ಸ್ಕೀ ಇಳಿಜಾರಿನ ಪಕ್ಕದ ಊರಿಗೆ ಸಂಸಾರ ಸಾಗಿಸುವಾಗ

ಸ್ಕೀ ಊರಿನ ಮನೆಯನ್ನು ಬೇಸಿಗೆಯಲ್ಲಿ ನೋಡಿ ಒಪ್ಪಿಕೊಳ್ಳಬಾರದು. ಬಿಸಿಲಲ್ಲಿ ಎಲ್ಲ ಮನೆಯೂ ಚೆಂದ. ನಾವು ನಡುಚಳಿಗಾಲದಲ್ಲಿ, ಹಿಮ ಬಿದ್ದ ಮಾರನೇ ದಿನವೇ ಮನೆಗಳನ್ನು ನೋಡಿದೆವು. ಮೊದಲ ವರ್ಷ ಬಾಡಿಗೆಗೇ ಇದ್ದೆವು. ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ಎಷ್ಟು ಹತ್ತಿರ ಎಂಬುದು ನಮ್ಮ ಪಟ್ಟಿಯ ಕೊನೆಯಲ್ಲಿತ್ತು. ಹಿಮ ತಳ್ಳುವ ಗಾಡಿ ನಮ್ಮ ಬೀದಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಶಾಲೆಯ ಬಸ್ಸು ಎಲ್ಲಿಯವರೆಗೆ ಬರುತ್ತದೆ, ರಾತ್ರಿ ಹೊತ್ತು ಆಸ್ಪತ್ರೆಗೆ ಎಷ್ಟು ದೂರ, ಇವು ಮೊದಲು. ಸ್ಕೀಗೆ ವಾರಕ್ಕೆ ಎರಡು ದಿನ ಹೋದರೆ ಹೆಚ್ಚು. ಮನೆ ಮುಂದಿನ ಏರುದಾರಿಯನ್ನು ದಿನವೂ ಹತ್ತಿ ಇಳಿಯಬೇಕು. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಏರುದಾರಿಗೆ ಚಳಿಗಾಲವಿಡೀ ಬಿಸಿಲು ತಾಗುವುದು ತೀರಾ ಕಡಿಮೆ, ಅಲ್ಲಿ ಕಟ್ಟಿದ ಮಂಜುಗಡ್ಡೆ ವಾರಗಟ್ಟಲೆ ಕದಲುವುದಿಲ್ಲ.

ಮನೆಯ ಹೊರಗೆ ಮೊದಲು ನೋಡಬೇಕಾದದ್ದು ಸೂರಿನ ಅಂಚು. ಅಲ್ಲಿ ತೂಗುವ ದಪ್ಪ ಮಂಜುಕೋಲುಗಳು ಫೋಟೊಗೆ ಚೆಂದ, ಮನೆಗೆ ಕೇಡು. ಒಳಗಿನ ಶಾಖ ಅಟ್ಟದಿಂದ ಸೋರಿ ಮಾಡಿನ ಹಿಮವನ್ನು ತಳದಿಂದ ಕರಗಿಸುತ್ತದೆ. ಆ ನೀರು ಜಾರಿ, ತಣ್ಣಗಿರುವ ಸೂರಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ. ಕಟ್ಟೆಯ ಹಿಂದೆ ನಿಂತ ನೀರು ಹೊದಿಕೆಯ ಸಂದಿಯಿಂದ ಒಳಗೆ ತೊಟ್ಟಿಕ್ಕುತ್ತದೆ. ಮಂಜುಗಡ್ಡೆ ಕುಟ್ಟಿದರೆ ಮಾಡು ಹಾಳಾದೀತೇ ಹೊರತು ಮೂಲ ಹೋಗದು. ಅಟ್ಟದ ನೆಲದಲ್ಲಿ ದೀಪ, ಪೈಪುಗಳ ಸುತ್ತ ಗಾಳಿ ಸೋರುವ ತೂತು ಮುಚ್ಚಿ, ಶಾಖ ತಡೆಯುವ ಪದರ (ಇನ್ಸುಲೇಷನ್) ಹೆಚ್ಚಿಸಿ, ಅಟ್ಟದೊಳಗೆ ಹೊರಗಿನ ಗಾಳಿ ಆಡುವಂತೆ ಮಾಡಬೇಕು. ಅಕ್ಕಪಕ್ಕದ ಮಾಡುಗಳೆಲ್ಲ ಬೆಳ್ಳಗಿದ್ದು ಒಂದು ಮಾತ್ರ ಬೋಳಾಗಿದ್ದರೆ, ಆ ಮನೆಯ ಹೀಟಿಂಗ್ ಬಿಲ್ ನೋಡದೆ ಮಾತು ಮುಂದುವರಿಸಬೇಡಿ.

ಹಿಮದ ದಪ್ಪಕ್ಕಿಂತ ತೂಕ ಮುಖ್ಯ. ಹೊಸ ಒಣ ಹಿಮ ಘನಮೀಟರಿಗೆ 50ರಿಂದ 100 ಕಿಲೊ; ಕುಸಿದು ಒದ್ದೆಯಾದದ್ದು 400ರ ಹತ್ತಿರ. ಅರ್ಧ ಮೀಟರ್ ದಪ್ಪ ಒಣ ಹಿಮ ಚದರ ಮೀಟರಿಗೆ ಹೆಚ್ಚೆಂದರೆ 50 ಕಿಲೊ ಭಾರ, ಅಷ್ಟೇ ದಪ್ಪದ ಒದ್ದೆ ಹಿಮ 200 ಕಿಲೊ. ಹಿಮದ ಮೇಲೆ ಮಳೆ ಸುರಿದ ದಿನವೇ ನಿಜವಾದ ಅಪಾಯ. ಮಾಡಿನಿಂದ ಜಾರಿದ ರಾಶಿ ಮುಂಬಾಗಿಲಿನ ಮೇಲೋ ಕಾರಿನ ಮೇಲೋ ಬೀಳುವಂತಿದ್ದರೆ ಆ ಮನೆ ಬೇಡ. ಹೀಟರಿನ ಹೊಗೆ ಹೋಗುವ ಕೊಳವೆ ಗೋಡೆಯಲ್ಲಿ ತಗ್ಗಾಗಿದ್ದರೆ ಹಿಮ ಅದನ್ನು ಮುಚ್ಚಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೇ ತುಂಬುತ್ತದೆ. ಮಲಗುವ ಕೋಣೆಗಳ ಬಳಿ ಅದನ್ನು ಪತ್ತೆಹಚ್ಚುವ ಅಲಾರಾಂ ಕಡ್ಡಾಯ.

ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ. ಪೈಪು ಬಿರಿಯುವುದು ಬಹಳ ಸಲ ಮಂಜುಗಡ್ಡೆ ಇದ್ದಲ್ಲಿ ಅಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕ ನೀರಿನ ಒತ್ತಡ ಏರಿ. ಕಡುಚಳಿಯ ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುವುದು ಇದಕ್ಕೇ. ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಬಾಗಿಲನ್ನೂ ತೆರೆದಿಡಿ. ಮುಖ್ಯ ವಾಲ್ವ್ ಎಲ್ಲಿದೆ ಎಂದು ಮನೆ ಹೊಕ್ಕ ದಿನವೇ ಎಲ್ಲರಿಗೂ ತೋರಿಸಿ. ಬಾವಿಯ ಪಂಪಾದರೆ ಕರೆಂಟು ಹೋದಾಗ ನೀರೂ ಹೋಯಿತು.

ಕಾರಿಗೆ ನಾಲ್ಕೂ ಚಳಿಗಾಲದ ಟೈರು ಬೇಕು, ಎರಡು ಸಾಲದು. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಗಡುಸಾಗಿ ಹಿಡಿತ ಕಳೆಯುತ್ತದೆ. ಫೋರ್ ವೀಲ್ ಡ್ರೈವ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಏರುದಾರಿಯ ಎರಡೂ ಬದಿ ಗುರುತಿನ ಕಡ್ಡಿಗಳನ್ನು ನೆಲ ಹೆಪ್ಪುಗಟ್ಟುವ ಮೊದಲೇ ನೆಡಬೇಕು. ಆಮೇಲೆ ಸುತ್ತಿಗೆಯೇ ಮುರಿದೀತು. ಮಾಮೂಲಿ ಉಪ್ಪು ಸುಮಾರು -9 ಡಿಗ್ರಿಯ ಕೆಳಗೆ ಹೆಚ್ಚು ಕೆಲಸಕ್ಕೆ ಬಾರದು, ಆಗ ಮರಳು ಚೆಲ್ಲುವುದೇ ವಾಸಿ.

ಸಾಮಾನು ಸಾಗಿಸಲು ಸರಿಯಾದ ಹೊತ್ತು ಹಿಮ ಕರಗಿ ನೆಲ ಒಣಗಿದ ಮೇಲೆ, ಶಾಲೆ ತೆರೆಯುವ ಮೊದಲು. ಮಕ್ಕಳ ಲಸಿಕೆ ಪತ್ರ, ವರ್ಗಾವಣೆ ಪತ್ರ ಟ್ರಕ್ಕಿಗೆ ಹೋಗದೆ ಕೈಚೀಲದಲ್ಲಿರಲಿ. ಊರು 2500 ಮೀಟರ್‌ಗಿಂತ ಎತ್ತರದಲ್ಲಿದ್ದರೆ ಮೊದಲ ಕೆಲವು ದಿನ ತಲೆನೋವು, ನಿದ್ದೆಗೇಡು ಸಹಜ. ಆ ವಾರ ಭಾರದ ಕೆಲಸ ಕಡಿಮೆ ಇಟ್ಟುಕೊಳ್ಳಿ.

ಇನ್ನು ಸ್ಕೀ. ಬೆಳೆಯುವ ಮಕ್ಕಳಿಗೆ ಸಾಮಗ್ರಿ ಕೊಳ್ಳಬೇಡಿ, ಇಡೀ ಋತುವಿಗೆ ಬಾಡಿಗೆಗೆ ತನ್ನಿ. ಬೂಟಿನ ಒಳಪದರ ತೆಗೆದು, ಬೆರಳು ತುದಿಗೆ ತಾಗುವಂತೆ ಕಾಲಿಟ್ಟಾಗ ಹಿಮ್ಮಡಿಯ ಹಿಂದೆ ಒಂದೂವರೆ ಸೆಂಟಿಮೀಟರಿನಷ್ಟು ಜಾಗ ಇರಬೇಕು. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ದೊಡ್ಡದು ಕೊಟ್ಟರೆ ಮಗುವಿಗೆ ಸ್ಕೀ ಹಿಡಿತಕ್ಕೇ ಸಿಗದು. ತೆಳು ಕಾಲುಚೀಲ ಒಂದೇ ಜೊತೆ. ಎರಡು ಹಾಕಿದರೆ ಒತ್ತಿ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಟ್ಟುಕೊಡುವ ಕೊಂಡಿ ಬೈಂಡಿಂಗ್; ಅದು ಬಿಡುವ ಬಿಗಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ನೋಡಿ ತಂತ್ರಜ್ಞರೇ ಹೊಂದಿಸಲಿ. ಸಣ್ಣ ಇಳಿಜಾರುಗಳು ವಾರದ ಎಲ್ಲ ದಿನ ತೆರೆದಿರುತ್ತವೆಂದು ಎಣಿಸಬೇಡಿ. ಯಂತ್ರದಿಂದ ಹಿಮ ಮಾಡಲು ವೆಟ್ ಬಲ್ಬ್ ತಾಪಮಾನ (ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿದ ತಾಪಮಾನ) ಸುಮಾರು -2 ಡಿಗ್ರಿಗೆ ಇಳಿಯಬೇಕು. ಬೆಚ್ಚನೆಯ ಡಿಸೆಂಬರಿನಲ್ಲಿ ಬೆಟ್ಟ ಕಂದಾಗಿಯೇ ಉಳಿದೀತು.

ಬಾಡಿಗೆ ಕರಾರು ಹಿಮ ಕರಗುವವರೆಗೂ ಇರಲಿ. ಆ ತಿಂಗಳು ಟಾರ್ಚ್ ಹಿಡಿದು ನೆಲಮಾಳಿಗೆಗೆ ಇಳಿದು, ಗೋಡೆಯಲ್ಲಿ ನೀರು ಎಲ್ಲಿಯವರೆಗೆ ಏರಿದೆ ನೋಡಿ.