ಡಿಸ್ಕ್ ತುಂಬಿದೆಯಾ? ಅಳಿಸುವ ಮೊದಲು ಇಷ್ಟು ನೋಡಿ

ಸರ್ವರ್ ಡಿಸ್ಕ್ ನೂರಕ್ಕೆ ನೂರು ತುಂಬಿದೆ ಅಂತ ಅಲರ್ಟ್ ಬಂದ ಕೂಡಲೇ ಎಲ್ಲರ ಕೈಯೂ ಫೈಲ್ ಅಳಿಸುವ ಆರ್‌ಎಂ ಕಮಾಂಡಿನ ಕಡೆಗೇ ಹೋಗುತ್ತದೆ. ಒಂದು ದೊಡ್ಡ ಲಾಗ್ ಫೈಲ್ ಕಣ್ಣಿಗೆ ಬಿತ್ತು, ಅಳಿಸಿಬಿಟ್ಟರು. ಆಮೇಲೆ ನೋಡಿದರೆ ಚೂರೂ ಜಾಗ ಖಾಲಿ ಆಗಿಲ್ಲ! ನನ್ನ ಟೀಮಿಗೆ ಹೊಸದಾಗಿ ಬಂದವರಿಗೆ ನಾನು ಹೇಳುವುದು ಇಷ್ಟೇ: ಜಾಗ ತಿನ್ನುತ್ತಿರುವುದು ಯಾರು ಅಂತ ಗೊತ್ತಾಗುವವರೆಗೆ ಏನನ್ನೂ ಮುಟ್ಟಬೇಡಿ.

ಲಿನಕ್ಸ್‌ನಿಂದ ಶುರು ಮಾಡೋಣ, ಗೋಜಲು ಅಲ್ಲೇ ಜಾಸ್ತಿ. ಮೊದಲು 'ಡಿಎಫ್ -ಎಚ್' ಕೊಡಿ. ತುಂಬಿರುವುದು ಯಾವ ಪಾರ್ಟಿಷನ್ (ಡಿಸ್ಕಿನ ಭಾಗ) ಅಂತ ತಿಳಿಯುತ್ತದೆ. ತುಂಬಿದ್ದು ಬೂಟ್ ಆಗಿದ್ದು, ನೀವು ಹೋಮ್ ಫೋಲ್ಡರ್ ಗುಡಿಸುತ್ತಾ ಕೂತರೆ ಏನು ಬಂತು? ಬೂಟ್ ತುಂಬಲು ಸಾಮಾನ್ಯ ಕಾರಣ ಹಳೆಯ ಕರ್ನಲ್‌ಗಳು, ಅಂದರೆ ಲಿನಕ್ಸ್‌ನ ತಿರುಳಿನ ಹಳೆಯ ಆವೃತ್ತಿಗಳು. ಅವನ್ನು ಕೈಯಾರೆ ಅಳಿಸಬೇಡಿ. ಉಬುಂಟು, ಡೆಬಿಯನ್‌ನಲ್ಲಿ 'ಆಪ್ಟ್ ಆಟೋರಿಮೂವ್' ಇದೆ, ಆ ಕೆಲಸ ಅದಕ್ಕೇ ಬಿಡಿ.

ಆಮೇಲೆ ರೂಟ್ (ಎಲ್ಲ ಅಧಿಕಾರ ಇರುವ ಅಡ್ಮಿನ್) ಆಗಿ 'ಡಿಯು -ಎಕ್ಸ್‌ಎಚ್ -ಡಿ1 / | ಸಾರ್ಟ್ -ಎಚ್'. ದೊಡ್ಡ ಫೋಲ್ಡರ್ ಕೊನೆಗೆ ಬರುತ್ತದೆ. ಅದರ ಒಳಗೆ ಹೋಗಿ ಮತ್ತೆ ಅದನ್ನೇ ಮಾಡಿ. ಆ ಎಕ್ಸ್ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಡಿಯು ಬೇರೆ ಡಿಸ್ಕ್‌ಗಳಿಗೂ, ನೆಟ್‌ವರ್ಕ್ ಮೌಂಟ್‌ಗಳಿಗೂ (ನೆಟ್‌ವರ್ಕ್ ಮೂಲಕ ಜೋಡಿಸಿದ ಡಿಸ್ಕ್‌ಗಳು) ನುಗ್ಗಿ ಸುಮ್ನೆ ಹೊತ್ತು ಕಳೆಯುತ್ತದೆ.

ಈಗ ನಿಜವಾದ ತಲೆನೋವಿಗೆ ಬರೋಣ. ಡಿಎಫ್ 50 ಜಿಬಿ ಬಳಕೆಯಾಗಿದೆ ಅನ್ನುತ್ತದೆ, ಡಿಯು 20 ಅನ್ನುತ್ತದೆ. ಎರಡೂ ಸುಳ್ಳು ಹೇಳುತ್ತಿಲ್ಲ. ಡಿಎಫ್ ಕೇಳುವುದು ಫೈಲ್‌ಸಿಸ್ಟಮ್ಮಿನ ಲೆಕ್ಕ. ಡಿಯು ಫೋಲ್ಡರ್‌ಗಳಲ್ಲಿ ಹೆಸರು ಕಂಡ ಫೈಲ್‌ಗಳನ್ನಷ್ಟೇ ಕೂಡಿಸುತ್ತದೆ. ಒಂದು ಪ್ರೋಗ್ರಾಂ ತೆರೆದಿಟ್ಟುಕೊಂಡ ಫೈಲನ್ನು ನೀವು ಅಳಿಸಿದರೆ ಹೋಗುವುದು ಹೆಸರು ಮಾತ್ರ. ಆ ಪ್ರೋಗ್ರಾಂ ಅದನ್ನು ಬಿಡುವವರೆಗೆ ಜಾಗ ಹಾಗೇ ಹಿಡಿದಿರುತ್ತದೆ. ಹಾಗೆ ಉಳಿದವನ್ನು 'ಎಲ್‌ಎಸ್‌ಒಎಫ್ +ಎಲ್1' ತೋರಿಸುತ್ತದೆ. ಪ್ಲಸ್ ಪಕ್ಕದ ಎಲ್ ದೊಡ್ಡಕ್ಷರ, ಉಳಿದದ್ದೆಲ್ಲ ಸಣ್ಣದು. ಅದರಲ್ಲಿ ಬಂದ ಸರ್ವಿಸನ್ನು ರೀಸ್ಟಾರ್ಟ್ ಮಾಡಿದರೆ ಜಾಗ ವಾಪಸ್. ಅದಕ್ಕೇ, ಓಡುತ್ತಿರುವ ಸರ್ವಿಸಿನ ಲಾಗ್ ಬೇಡ ಅನಿಸಿದರೆ ಅಳಿಸುವ ಬದಲು 'ಟ್ರಂಕೇಟ್ -ಎಸ್ 0' ಕೊಟ್ಟು, ಮುಂದೆ ಫೈಲ್ ಹೆಸರು ಬರೆದು ಬರಿದು ಮಾಡಿ. ಹೆಸರು ಉಳಿಯುತ್ತದೆ, ಜಾಗ ಬಿಡುಗಡೆಯಾಗುತ್ತದೆ.

ಎಲ್‌ಎಸ್‌ಒಎಫ್‌ನಲ್ಲೂ ಏನೂ ಸಿಗಲಿಲ್ಲವೇ? ಹಾಗಾದರೆ ಮೌಂಟ್ ಪಾಯಿಂಟಿನ, ಅಂದರೆ ಬೇರೆ ಡಿಸ್ಕನ್ನು ಜೋಡಿಸುವ ಫೋಲ್ಡರಿನ ಅಡಿಯಲ್ಲಿ ನೋಡಿ. ಬ್ಯಾಕಪ್ ಡಿಸ್ಕ್ ಮೌಂಟ್ ಆಗದೇ ಇದ್ದ ಒಂದು ರಾತ್ರಿ ಬ್ಯಾಕಪ್ ಓಡಿದ್ದರೆ ಅದೆಲ್ಲ ರೂಟ್ ಡಿಸ್ಕಿಗೇ ಬಂದು ಬಿದ್ದಿರುತ್ತದೆ. ಮರುದಿನ ಡಿಸ್ಕ್ ಮೌಂಟ್ ಆದ ಮೇಲೆ ಅದು ಅಡಗಿಹೋಗುತ್ತದೆ. 'ಮೌಂಟ್ --ಬೈಂಡ್ / /ಎಂಎನ್‌ಟಿ' ಮಾಡಿ, ಎಂಎನ್‌ಟಿ ಒಳಗೆ ಡಿಯು ಓಡಿಸಿದರೆ ಹೊರಬೀಳುತ್ತದೆ.

ಇನ್ನೊಂದು ವಿಚಿತ್ರ ಇದೆ. ಡಿಎಫ್ ಅರ್ಧ ಡಿಸ್ಕ್ ಖಾಲಿ ಎನ್ನುತ್ತದೆ, ಆದರೂ ಒಂದು ಫೈಲ್ ಬರೆಯಲು ಆಗುವುದಿಲ್ಲ, ಜಾಗ ಇಲ್ಲ ಅಂತಲೇ ಎರರ್. ಆಗ 'ಡಿಎಫ್ -ಐ' ನೋಡಿ. ಐನೋಡ್‌ಗಳು, ಅಂದರೆ ಪ್ರತಿ ಫೈಲಿಗೂ ಒಂದೊಂದು ಬೇಕಾಗುವ ದಾಖಲೆಗಳು, ಮುಗಿದಿರುತ್ತವೆ. ಲಕ್ಷಗಟ್ಟಲೆ ಪುಟಾಣಿ ಸೆಷನ್ ಫೈಲ್‌ಗಳೋ, ಹೋಗದೆ ಕೂತ ಮೇಲ್‌ಗಳೋ ಇದನ್ನು ಮಾಡುತ್ತವೆ. ಇಲ್ಲಿ ಗಾತ್ರ ಮುಖ್ಯ ಅಲ್ಲ, ಎಣಿಕೆ ಮುಖ್ಯ.

ಸಿಸ್ಟಂ ಲಾಗ್‌ಗಳನ್ನು ಕೂಡಿಡುವ ಸಿಸ್ಟಮ್‌ಡಿ ಜರ್ನಲ್ ದಪ್ಪಗಾಗಿದ್ದರೆ 'ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=500ಎಂ' ಸಾಕು. ಇನ್ನು ಇಎಕ್ಸ್‌ಟಿ4 (ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಂ) ಡಿಸ್ಕಿನಲ್ಲಿ ಮಾಮೂಲಿಯಾಗಿ ನೂರಕ್ಕೆ 5 ಪಾಲು ರೂಟ್‌ಗಂತಲೇ ಮೀಸಲು. ಸಿಸ್ಟಂ ಡಿಸ್ಕಿನಲ್ಲಿ ಅದು ಇರಲಿ, ಕಷ್ಟಕಾಲದಲ್ಲಿ ಅದೇ ಕಾಪಾಡುತ್ತದೆ. ಬರೀ ಡೇಟಾ ಇಡುವ ದೊಡ್ಡ ಡಿಸ್ಕ್ ಆದರೆ 'ಟ್ಯೂನ್2ಎಫ್‌ಎಸ್ -ಎಂ 1' ಕೊಟ್ಟು ಇಳಿಸಬಹುದು.

ವಿಂಡೋಸ್‌ನಲ್ಲಿ ಎಲ್ಲರೂ ಬೈಯುವುದು ಸಿಸ್ಟಂ ಫೈಲ್‌ಗಳನ್ನು ಇಡುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರನ್ನು. ಪಾಪ, ಅದು ಕಾಣುವಷ್ಟು ದೊಡ್ಡದಲ್ಲ. ಒಳಗಿನ ಎಷ್ಟೋ ಫೈಲ್‌ಗಳು ಹಾರ್ಡ್ ಲಿಂಕ್‌ಗಳು (ಒಂದೇ ಫೈಲಿಗೆ ಇನ್ನೊಂದು ಹೆಸರು), ಎಕ್ಸ್‌ಪ್ಲೋರರ್ ಅವನ್ನು ಎರಡೆರಡು ಸಲ ಎಣಿಸುತ್ತದೆ. ನಿಜವಾದ ಗಾತ್ರ ಬೇಕಾದರೆ ಅಡ್ಮಿನ್ ಆಗಿ 'ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ಅನಲೈಸ್‌ಕಾಂಪೊನೆಂಟ್‌ಸ್ಟೋರ್' ಓಡಿಸಿ. ಗುಡಿಸಬೇಕು ಅಂತ ಅದೇ ಹೇಳಿದರೆ ಕೊನೆಯ ಪದದ ಜಾಗದಲ್ಲಿ 'ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್' ಹಾಕಿ. ಒಳಗಿನ ಫೈಲ್‌ಗಳನ್ನು ಕೈಯಾರೆ ಅಳಿಸಿದರೆ ಮುಂದಿನ ಅಪ್‌ಡೇಟ್ ಕೈ ಕೊಡಬಹುದು, ಕೆಲವೊಮ್ಮೆ ವಿಂಡೋಸೇ ಏಳದಿರಬಹುದು. ಹೈಬರ್ನೇಟ್ ಬಳಸುವುದೇ ಇಲ್ಲ ಅಂದರೆ 'ಪವರ್‌ಸಿಎಫ್‌ಜಿ /ಎಚ್ ಆಫ್' ಕೊಡಿ, ಹಲವು ಜಿಬಿ ಉಳಿಯುತ್ತದೆ. ಫಾಸ್ಟ್ ಸ್ಟಾರ್ಟಪ್ ಕೂಡ ಜೊತೆಗೇ ಹೋಗುತ್ತದೆ, ಗೊತ್ತಿರಲಿ.

ಮ್ಯಾಕ್‌ನಲ್ಲಿ ಫೈಲ್ ಅಳಿಸಿದರೂ ಜಾಗ ಬರದಿದ್ದರೆ ಅದರ ಬ್ಯಾಕಪ್ ವ್ಯವಸ್ಥೆಯಾದ ಟೈಮ್ ಮಷೀನಿನ ಲೋಕಲ್ ಸ್ನ್ಯಾಪ್‌ಶಾಟ್ (ಅದೇ ಡಿಸ್ಕಿನಲ್ಲಿ ಹಳೆಯ ಸ್ಥಿತಿಯ ನಕಲು) ಇರಬಹುದು. 'ಟಿಎಂಯುಟಿಲ್ ಲಿಸ್ಟ್‌ಲೋಕಲ್‌ಸ್ನ್ಯಾಪ್‌ಶಾಟ್ಸ್ /' ಪಟ್ಟಿ ಕೊಡುತ್ತದೆ. ಜಾಗ ಬೇಕಾದಾಗ ಮ್ಯಾಕ್ ತಾನೇ ಅವನ್ನು ತೆಗೆಯುತ್ತದೆ, ಆತುರ ಬೇಡ.

ಎಲ್ಲ ಸರಿಹೋದ ಮೇಲೆ ಎರಡು ಕೆಲಸ ಬಾಕಿ. ಶೇಕಡಾ 80 ದಾಟಿದರೆ ಅಲರ್ಟ್ ಬರುವಂತೆ ಮಾಡಿ. ಲಾಗ್‌ಗಳಿಗೆ, ಹಳೆಯದನ್ನು ತಾನೇ ತೆಗೆಯುವ ಲಾಗ್‌ರೊಟೇಟ್ ಹಾಕಿ. ನಾನು ಇವುಗಳ ಜೊತೆಗೆ 'ಎಫ್‌ಅಲೊಕೇಟ್ -ಎಲ್ 1ಜಿ' ಬಳಸಿ ಸುಮ್ಮನೆ ಜಾಗ ಹಿಡಿಯುವ ಒಂದು ಡಮ್ಮಿ ಫೈಲ್ ಕೂಡ ಇಟ್ಟಿರುತ್ತೇನೆ. ಡಿಸ್ಕ್ ಪೂರ್ತಿ ತುಂಬಿ ಉಸಿರಾಡಲೂ ಆಗದಿದ್ದಾಗ, ಹುಡುಕುವ ಮೊದಲೇ ಕಣ್ಣು ಮುಚ್ಚಿಕೊಂಡು ಅಳಿಸಬಹುದಾದ ಫೈಲ್ ಅದೊಂದೇ.