ಥೈಮಸ್ ದಪ್ಪ ಆದರೆ ಸಾಲದು: ಕಸಿ ನಂತರದ ಟಿ ಕಣಗಳ ಬೆನ್ನುಹತ್ತಿ

ಸ್ಟೆಮ್ ಸೆಲ್ ಕಸಿ ಆದ ಮೇಲೆ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಎರಡು-ಮೂರು ವಾರಕ್ಕೆ ಏರುತ್ತವೆ. ಮನೆಯವರು ಅಬ್ಬಾ, ಗೆದ್ದೆವು ಅಂದುಕೊಳ್ಳುತ್ತಾರೆ. ವೈರಸ್‌ಗಳ ವಿರುದ್ಧ ಹೋರಾಡುವ ಇನ್ನೊಂದು ಬಗೆಯ ಬಿಳಿ ರಕ್ತಕಣ, ಅಂದರೆ ಟಿ ಕಣಗಳ ವಿಷಯ ಹಾಗಲ್ಲ. ದೊಡ್ಡವರಲ್ಲಿ ಅವು ಚೇತರಿಸಿಕೊಳ್ಳಲು ವರ್ಷ ಹಿಡಿಯಬಹುದು, ಕೆಲವರಿಗೆ ಎರಡು ವರ್ಷವೂ ಆಗುತ್ತದೆ. ಸುಮ್ನೆ ಮಲಗಿದ್ದ ಸೈಟೋಮೆಗಲೋ ವೈರಸ್ ಎದ್ದು ಕಾಡುವುದು ಈ ನಡುವೆಯೇ. ಟಿ ಕಣಗಳು ಪಳಗುವ ಜಾಗ ಥೈಮಸ್. ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿರುವ ಈ ಗ್ರಂಥಿ ವಯಸ್ಸಾದಂತೆ ಸೊರಗುತ್ತದೆ. ಉಳಿದದ್ದನ್ನು ಕೀಮೋ, ರೇಡಿಯೇಷನ್ ಕೆಡಿಸುತ್ತವೆ.

ಹರೆಯದ ಹಾರ್ಮೋನ್‌ಗಳು ಥೈಮಸ್ಸನ್ನು ಕುಗ್ಗಿಸುತ್ತವೆ ಅನ್ನುವುದು ಹಳೆಯ ಮಾತು. ಬೀಜ ತೆಗೆದ ಮೊಲಗಳಲ್ಲಿ ಥೈಮಸ್ ದೊಡ್ಡದಿರುತ್ತದೆ ಎಂದು 1898ರಲ್ಲೇ ಕಾಲ್ಜೋಲಾರಿ ಬರೆದಿದ್ದ. 1904ರಲ್ಲಿ ಹೆಂಡರ್ಸನ್ ದನಗಳಲ್ಲಿ ನೋಡಿದ. ಹೋರಿಗಿಂತ ಬೀಜ ಒಡೆದ ಎತ್ತಿನ ಥೈಮಸ್ ಹೆಚ್ಚು ತೂಗುತ್ತಿತ್ತು. ಮೆಲ್ಬರ್ನ್‌ನಲ್ಲಿ ರಿಚರ್ಡ್ ಬಾಯ್ಡ್ ಅವರ ತಂಡ ಹಾರ್ಮೋನ್ ತಡೆದು ಥೈಮಸ್ ಬೆಳೆಸುವ ಈ ವಿಚಾರವನ್ನೇ ಕಸಿ ರೋಗಿಗಳ ಕಡೆಗೆ ತಿರುಗಿಸಿತು. ನಾನು ಇಲಿಗಳ ಮೇಲೆ ಕೆಲಸ ಮಾಡಿದ್ದು ಅದೇ ದಾರಿಯಲ್ಲಿ.

ವಿಧಾನ ಹೀಗೆ. ಮಧ್ಯವಯಸ್ಸಿನ ಗಂಡು ಇಲಿಗಳನ್ನು ಎರಡು ಗುಂಪು ಮಾಡುತ್ತಿದ್ದೆ. ಒಂದಕ್ಕೆ ಹಾರ್ಮೋನ್ ತಡೆಯುವ ಡೆಗರೆಲಿಕ್ಸ್ ಇಂಜೆಕ್ಷನ್, ಇನ್ನೊಂದಕ್ಕೆ ಬರೀ ದ್ರಾವಣ. ಆಮೇಲೆ ರೇಡಿಯೇಷನ್, ಅದರ ಬೆನ್ನಿಗೇ ಬೇರೆ ಇಲಿಯ ಮೂಳೆ ಮಜ್ಜೆ. ಹಾರ್ಮೋನ್ ತಡೆಯಲೆಂದೇ ಇರುವ ಗೋಸೆರೆಲಿನ್, ಲ್ಯೂಪ್ರೊಲೈಡ್ ಥರದ ಔಷಧಿಗಳಲ್ಲಿ ಒಂದು ತೊಡಕಿದೆ. ಮೊದಲು ಹಾರ್ಮೋನ್ ಏರುತ್ತದೆ, ಇಳಿಯುವುದು ಆಮೇಲೆ. ಡೆಗರೆಲಿಕ್ಸ್‌ನಲ್ಲಿ ಆ ಏರಿಕೆ ಇಲ್ಲ. ಕಸಿಯ ಹೊತ್ತಿಗೆ ಒಂದೊಂದು ವಾರವೂ ಬೆಲೆ ಬಾಳುತ್ತದೆ, ಹಾಗಾಗಿ ನನಗೆ ಇದೇ ಸರಿ ಅನ್ನಿಸಿತು.

ಇಲಿಯನ್ನು ತೆರೆದಾಗ ನಾನು ಮೊದಲು ನೋಡುತ್ತಿದ್ದದ್ದು ಥೈಮಸ್ ಅಲ್ಲ, ಹೊಟ್ಟೆಯ ಕೆಳಗಿನ ವೀರ್ಯಕೋಶ. ಟೆಸ್ಟೋಸ್ಟಿರಾನ್ ಇದ್ದರೆ ಅದು ತುಂಬಿಕೊಂಡು ಬೆಳ್ಳಗೆ, ಟಗರಿನ ಕೊಂಬಿನ ಹಾಗೆ ಬಾಗಿರುತ್ತದೆ. ಇಲ್ಲದಿದ್ದರೆ ಬತ್ತಿ ಎಳೆಯಂತಾಗುತ್ತದೆ. ಔಷಧಿ ಕೆಲಸ ಮಾಡಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಅದು ಬತ್ತಿಲ್ಲ ಅಂದರೆ ಥೈಮಸ್ ಎಷ್ಟೇ ತೂಗಲಿ, ಆ ತೂಕವನ್ನು ಔಷಧಿಯ ಲೆಕ್ಕಕ್ಕೆ ಹಾಕಲು ಬರುವುದಿಲ್ಲ.

ಆಮೇಲೆ ಎದೆಗೂಡು. ಎಳೆಯ ಇಲಿಯ ಥೈಮಸ್ ಎರಡು ಬಿಳಿ ಹಾಲೆ, ಕೈ ತಪ್ಪುವ ಮಾತೇ ಇಲ್ಲ. ರೇಡಿಯೇಷನ್ ತಗೊಂಡ ದೊಡ್ಡ ಇಲಿಯಲ್ಲಿ ಅದು ಕೊಬ್ಬಿನ ನಡುವೆ ಒಂದು ತುಣುಕು. ಪಕ್ಕದಲ್ಲೇ ಇರುವ ದುಗ್ಧಗ್ರಂಥಿಗಳು ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತವೆ. ಅವು ಸೇರಿಕೊಂಡರೆ ಪಳಗಿದ ಟಿ ಕಣಗಳ ಲೆಕ್ಕ ಸುಳ್ಳೇ ಜಾಸ್ತಿ ಬರುತ್ತದೆ. ಅದಕ್ಕೇ ಮೈಕ್ರೋಸ್ಕೋಪ್ ಕೆಳಗಿಟ್ಟು, ಸಣ್ಣ ಚಿಮಟದಿಂದ ಕೊಬ್ಬು ಬಿಡಿಸುತ್ತಿದ್ದೆ. ತುಂಬಾ ನಿಧಾನದ ಕೆಲಸ. ಅವಸರ ಮಾಡುವವರಿಗೆ ಇದನ್ನು ನಾನು ಕೊಡುವುದಿಲ್ಲ.

ಹಾರ್ಮೋನ್ ತಡೆದ ಗುಂಪಿನಲ್ಲಿ ಥೈಮಸ್ ಬೇಗ ತುಂಬಿಕೊಳ್ಳುತ್ತಿತ್ತು. ಯಾಕೆ ಅನ್ನುವುದಕ್ಕೆ 2014ರಲ್ಲಿ ವೆಲಾರ್ಡಿ ಮತ್ತು ಸಂಗಡಿಗರು ಒಳ್ಳೆಯ ಸುಳಿವು ಕೊಟ್ಟರು. ಥೈಮಸ್‌ನ ಎಪಿಥೀಲಿಯಲ್ ಕಣಗಳ ಮೇಲಿನ ಡಿಎಲ್‌ಎಲ್4 ಅನ್ನುವ ಪ್ರೋಟೀನ್, ಒಳಬಂದ ಎಳೆಯ ಕಣಕ್ಕೆ ನೀನು ಟಿ ಕಣವಾಗು ಎಂದು ಸೂಚಿಸುತ್ತದೆ. ಟೆಸ್ಟೋಸ್ಟಿರಾನ್ ಅದನ್ನು ತಗ್ಗಿಸಿಡುತ್ತದೆ. ತಡೆದಾಗ ಸೂಚನೆ ಮತ್ತೆ ಜೋರಾಗುತ್ತದೆ.

ಆದರೆ ಥೈಮಸ್‌ನ ತೂಕ ನೋಡಿ ಖುಷಿಪಡುವವರ ಜೊತೆ ನಾನು ಇಲ್ಲ. ಹೊಸ ಟಿ ಕಣಗಳು ಹೊರಗೆ ಬಂದವಾ? ಕೇಳಬೇಕಾದದ್ದು ಅದು, ಅಲ್ವಾ? ಇದಕ್ಕಾಗಿ ಕಸಿಯ ಮಜ್ಜೆಯನ್ನು ವಿಶೇಷ ತಳಿಯ ಇಲಿಯಿಂದ ತೆಗೆಯುತ್ತಿದ್ದೆ. ಅದರ ಟಿ ಕಣ ಥೈಮಸ್ ಬಿಟ್ಟ ಹೊಸತರಲ್ಲಿ ಹಸಿರಾಗಿ ಹೊಳೆಯುತ್ತದೆ, ಎರಡು-ಮೂರು ವಾರದಲ್ಲಿ ಮಂಕಾಗುತ್ತದೆ. ಗುಲ್ಮದಲ್ಲಿ (ಸ್ಪ್ಲೀನ್) ಹಸಿರು ಕಣ ಎಣಿಸಿದರೆ ಈಚೆಗೆ ಬಂದವು ಎಷ್ಟೆಂದು ತಿಳಿಯುತ್ತದೆ. ಮನುಷ್ಯರಲ್ಲಿ ಹೀಗೆ ಮಾಡಲಾಗದು. ಅಲ್ಲಿ ರಕ್ತದ ಟಿ ಕಣಗಳಲ್ಲಿ ಟ್ರೆಕ್ ಅನ್ನುವ ಡಿಎನ್‌ಎ ಉಂಗುರ ಅಳೆಯುತ್ತಾರೆ. ಟಿ ಕಣ ರೋಗಾಣುವನ್ನು ಗುರುತಿಸುವ ತನ್ನ ರಿಸೆಪ್ಟರ್ ಕಟ್ಟಿಕೊಳ್ಳುವಾಗ ಕತ್ತರಿಸಿ ಬಿಡುವ ಚೂರು ಅದು. ಕಣ ಇಬ್ಭಾಗವಾದಾಗ ಉಂಗುರ ನಕಲಾಗುವುದಿಲ್ಲ, ಹಾಗಾಗಿ ಹಳೆಯ ಕಣಗಳು ಸುಮ್ನೆ ಹೆಚ್ಚಾಗಿದ್ದರೆ ಟ್ರೆಕ್ ಏರುವುದಿಲ್ಲ.

2008ರಲ್ಲಿ ಮೆಲ್ಬರ್ನ್ ತಂಡ ರೋಗಿಗಳ ಫಲಿತಾಂಶ ಪ್ರಕಟಿಸಿತು. ಕಸಿಗೆ ಮುಂಚೆಯೇ ಗೋಸೆರೆಲಿನ್ ಶುರು ಮಾಡಿದವರಲ್ಲಿ ಟಿ ಕಣಗಳ ಚೇತರಿಕೆ ಚೆನ್ನಾಗಿತ್ತು, ಟ್ರೆಕ್ ಕೂಡ ಏರಿತ್ತು. ಆಶೆ ಹುಟ್ಟಿಸುವ ಫಲಿತಾಂಶ. ಆದರೆ ಅದು ಚಿಕ್ಕ ಅಧ್ಯಯನ. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪಿಗೆ ಹಂಚಿದ್ದಲ್ಲ.

ಹಾಗಾದರೆ ನಮ್ಮ ಅಣ್ಣನಿಗೂ ಈ ಇಂಜೆಕ್ಷನ್ ಹಾಕಿಸೋಣವಾ ಎಂದು ಊರಿಂದ ಫೋನ್ ಮಾಡಿ ಕೇಳುವವರಿದ್ದಾರೆ. ರೋಗನಿರೋಧಕ ಶಕ್ತಿಗಾಗಿ ಇದು ಇನ್ನೂ ಎಲ್ಲರಿಗೂ ಕೊಡುವ ಚಿಕಿತ್ಸೆ ಆಗಿಲ್ಲ ಅನ್ನುತ್ತೇನೆ. ಕಸಿಯ ಹೊತ್ತಿಗೆ ಹೆಣ್ಣುಮಕ್ಕಳಿಗೆ ಲ್ಯೂಪ್ರೊಲೈಡ್ ಕೊಡುವುದುಂಟು, ಆದರೆ ಅದು ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಮುಟ್ಟಿನ ರಕ್ತಸ್ರಾವ ತಡೆಯಲು. ಅದಕ್ಕಿಂತ ಈಗ ಕೇಳಬೇಕಾದ್ದು ಬೇರೆ ಇದೆ. ಸಿಡಿ4 ಅನ್ನುವ ಬಗೆಯ ಟಿ ಕಣ ಎಷ್ಟಿದೆ, ಯಾವಾಗ ಮತ್ತೆ ನೋಡುತ್ತೀರಿ ಎಂದು ಡಾಕ್ಟರನ್ನು ಕೇಳಿ. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಲಸಿಕೆಗಳನ್ನೂ ಮತ್ತೆ ಹಾಕಿಸಬೇಕಾಗುತ್ತದೆ, ಅದರ ಪಟ್ಟಿ ಬರೆಸಿಕೊಳ್ಳಿ. ದಡಾರದಂಥ ಜೀವಂತ ಲಸಿಕೆ ಮಾತ್ರ ಸಾಮಾನ್ಯವಾಗಿ ಕಸಿಯಾಗಿ ಎರಡು ವರ್ಷ ಕಳೆಯುವ ತನಕ ಬೇಡ.